ಕೊನೆಯ ಸಕಾರ

ಬೇಡಕಿಹಾಳದ ಆಚೆ ಕಬ್ಬಿನ ಹೊಲಗಳ ನಡುವಿನ ಒಂದು ತೋಟದ ಶಾಲೆಯಲ್ಲಿ ಪ್ರಾಜಕ್ತಾ ಮಗದುಮ್ ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದಳು. ಒಂದರಿಂದ ಐದನೆಯ ತರಗತಿಯವರೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರು. ಸರಕಾರ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಶುರು ಮಾಡಿದಾಗ ಆ ಪುಸ್ತಕ ಅವಳ ಪಾಲಿಗೆ ಬಂತು. ತಾನು ಕಲಿತ ಹಾಗೆಯೇ ಕಲಿಸಿದಳು: ಬುಕ್ಕು, ಬಸ್ಸು, ಕಪ್ಪು. ಅವಳು ಹೇಳಿದಂತೆ ಮಕ್ಕಳು ಬರೆಯುತ್ತಿದ್ದರು.

೨೦೧೧ರ ಬೇಸಿಗೆಯಲ್ಲಿ ಚಿಕ್ಕೋಡಿಯಲ್ಲಿ ಹತ್ತು ದಿನದ ತರಬೇತಿ ನಡೆಯಿತು. ವಿಷಯ, ಇಂಗ್ಲಿಷಿನ ಧ್ವನಿಗಳು. ಮಿರಜದ ಕಿವಿ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದ ನಿಖಿಲ ಎಂಬ ತರುಣ ಎರಡು ದಿನ ಬಂದು ಹೇಳಿಕೊಟ್ಟ. ಗಂಟಲ ಮೇಲೆ ಬೆರಳಿಟ್ಟು 'ಸ್' ಅನ್ನಿ, ಆಮೇಲೆ ದುಂಬಿಯ ಹಾಗೆ 'ಝ್' ಅನ್ನಿ ಎಂದ. ಮೊದಲನೆಯದಕ್ಕೆ ಗಂಟಲು ಸುಮ್ಮನಿತ್ತು, ಎರಡನೆಯದಕ್ಕೆ ನಡುಗಿತು. ಬರೆಯುವಾಗ ಒಂದೇ ಎಸ್ ಅಕ್ಷರ; ಆದರೆ 'ಕ್ಯಾಟ್ಸ್' ಅನ್ನುವಾಗ ಅದು ಬರೀ ಉಸಿರು, 'ಡಾಗ್ಸ್' ಅನ್ನುವಾಗ ಗಂಟಲಿನ ಝೇಂಕಾರ. ಕನ್ನಡದ ಶಬ್ದಗಳು ಸ್ವರದಲ್ಲಿ ಮುಗಿಯುವುದರಿಂದ ನಾವು ಇಂಗ್ಲಿಷ್ ಶಬ್ದದ ಬಾಲಕ್ಕೂ ಒಂದು ಉಕಾರ ಹಚ್ಚುತ್ತೇವೆ, ಅದನ್ನು ಬಿಡಿಸಿ ಎಂದೂ ಹೇಳಿದ. ಪ್ರಾಜಕ್ತಾ ರಜೆಯಿಡೀ ಅಡುಗೆ ಮಾಡುತ್ತ, ಬಟ್ಟೆ ಒಗೆಯುತ್ತ ಅದನ್ನೇ ರೂಢಿ ಮಾಡಿಕೊಂಡಳು. ಜೂನಿನಲ್ಲಿ ಶಾಲೆ ತೆರೆದಾಗ ಅವಳ ಬಾಯಲ್ಲಿ ಬಸ್ಸು 'ಬಸ್' ಆಗಿತ್ತು.

ಐದನೆಯ ತರಗತಿಯಲ್ಲಿ ಹದಿನಾಲ್ಕು ಮಕ್ಕಳು. ಅವರಲ್ಲಿ ಭಾಗ್ಯಾ ಒಬ್ಬಳು; ಕಬ್ಬು ಕಡಿಯುವ ಮಾಯಪ್ಪ ಮತ್ತು ಕೂಲಿಗೆ ಹೋಗುವ ಸಕ್ಕುಬಾಯಿಯ ಮಗಳು. ಮಾತು ಕಡಿಮೆ, ಅಕ್ಷರ ದುಂಡಗೆ. ಅವಳ ಬಾಯಲ್ಲಿ ಸಕಾರ ಸ್ವಲ್ಪ ಮೊಂಡಾಗಿತ್ತು, ಮನೆಯವರು ಅದನ್ನು ಮುದ್ದು ಮಾತು ಅಂದುಕೊಂಡಿದ್ದರು. ನಾಲ್ಕನೆಯ ತರಗತಿಯವರೆಗೆ ಉಕ್ತಲೇಖನದಲ್ಲಿ ಅವಳದು ಹೆಚ್ಚು ತಪ್ಪು ಇರುತ್ತಿರಲಿಲ್ಲ. ಈ ವರ್ಷ ಮಾತ್ರ ಪುಟದ ತುಂಬ ಕೆಂಪು ಗೆರೆ. 'ಕ್ಯಾಟ್ಸ್' ಎಂದರೆ ಕ್ಯಾಟ್, 'ಕಪ್ಸ್' ಎಂದರೆ ಕಪ್. 'ಫಿಶ್' ಎಂದರೆ ಮೊದಲ ಎರಡು ಅಕ್ಷರ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದಳು. 'ಡಾಗ್ಸ್' ಮಾತ್ರ ಸರಿಯಾಗಿತ್ತು.

ಪ್ರಾಜಕ್ತಾಳಿಗೆ ಸಿಟ್ಟು ತರಿಸಿದ್ದು ಅದೇ. ಒಂದಕ್ಕೆ ಎಸ್ ಹಚ್ಚಲು ಬರುವ ಹುಡುಗಿಗೆ ಇನ್ನೊಂದಕ್ಕೆ ಹಚ್ಚಲು ಏನು ಅಡ್ಡಿ? ಲಕ್ಷ್ಯವಿಲ್ಲ, ಅಷ್ಟೇ. ಐವತ್ತು ಸಲ ಬರೆಯಲು ಹೇಳಿದಳು. ಭಾಗ್ಯಾ ಐವತ್ತು ಸಲವೂ ತಪ್ಪಿಲ್ಲದೆ ಬರೆದು ತಂದಳು. ಮರುವಾರ ಪ್ರಾಜಕ್ತಾ ಬೆಂಚುಗಳ ಹಿಂದೆ ಓಡಾಡುತ್ತ ಮತ್ತೆ ಉಕ್ತಲೇಖನ ಕೊಟ್ಟಳು. ಮತ್ತೆ ಕ್ಯಾಟ್, ಕಪ್. ಎಲ್ಲರೆದುರು ಹುಡುಗಿಯ ಕಿವಿ ಹಿಂಡಿ ಕಡೆಯ ಬೆಂಚಿಗೆ ಕಳಿಸಿದಳು. ಭಾಗ್ಯಾ ಅಳಲಿಲ್ಲ. ಚೀಲ ಎತ್ತಿಕೊಂಡು ಹೋಗಿ ಕುಳಿತಳು.

ಗಣೇಶ ಚೌತಿಯ ರಜೆಯಲ್ಲಿ ಪ್ರಾಜಕ್ತಾ ನಿಖಿಲನಿಗೆ ಫೋನ್ ಮಾಡಿದಳು. ಬಹುವಚನದ ನಿಯಮ ಮಕ್ಕಳ ತಲೆಗೆ ಹೋಗುವಂತೆ ಹೇಳುವುದು ಹೇಗೆ ಎಂದು ಕೇಳುವುದು ಅವಳ ಉದ್ದೇಶ. ಉದಾಹರಣೆಗೆ ಎಂದು ಭಾಗ್ಯಾಳ ನೋಟುಪುಸ್ತಕ ತೆರೆದು ತಪ್ಪುಗಳನ್ನು ಓದಿದಳು. ಅವನು ಇನ್ನೊಮ್ಮೆ ಓದಲು ಹೇಳಿದ. ಕೇಳಿಯಾದ ಮೇಲೆ, ಬಿಟ್ಟುಹೋದ ಅಕ್ಷರಗಳನ್ನಷ್ಟೇ ಹೇಳಿ ಎಂದ. ಅವಳು ಹೇಳಿದಳು.

"ಮೇಡಂ, ವ್ಯಾಕರಣ ಬಿಡ್ರಿ," ಎಂದ ನಿಖಿಲ. "ಡಾಗ್ಸ್‌ದಾಗ ಗಂಟಲ ಸಪ್ಪಳ ಐತಿ, ಅದು ಆಕಿಗೆ ಕೇಳತೈತಿ. ಕ್ಯಾಟ್ಸ್‌ದಾಗ ಬರೇ ಉಸಿರು. ಆ ಹುಡುಗಿ ತಪ್ಪು ಬರ್ಯಾಕತ್ತಿಲ್ಲ. ಕೇಳಿದ್ದಷ್ಟ ಬರ್ಯಾಕತ್ತಾಳ."

ಅವನು ವಿವರಿಸಿದ. ಕೆಲವರಿಗೆ ದಪ್ಪ ಸದ್ದು ಚೆನ್ನಾಗಿ ಕೇಳಿ, ಸಣ್ಣ ಚೂಪು ಸದ್ದು ಮಾತ್ರ ಕೇಳುವುದಿಲ್ಲ. ಸ್, ಶ್ ಅಂಥವು. ಮೊದಲು ನೀವು ಬಸ್ಸು ಅನ್ನುತ್ತಿದ್ದಾಗ ಕೊನೆಯ ಉಕಾರ ಅವಳಿಗೆ ಸುಳಿವು ಕೊಡುತ್ತಿತ್ತು, ಉಳಿದದ್ದನ್ನು ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ನೀವು ಸರಿಯಾಗಿ ಉಚ್ಚರಿಸತೊಡಗಿದ ಮೇಲೆ ಆ ಸುಳಿವು ಹೋಯಿತು. ತಡಮಾಡದೆ ಕಿವಿ ತೋರಿಸಿ ಎಂದ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನೂ ಹೇಳಿಕೊಟ್ಟ. ಫೋನ್ ಇಟ್ಟ ಮೇಲೆ ಪ್ರಾಜಕ್ತಾಳಿಗೆ ನೆನಪಾದದ್ದು ತಾನು ಹಿಂಡಿದ ಕಿವಿ.

ಸಂಜೆ ಮಾಯಪ್ಪನ ಮನೆಗೆ ಹೋದಳು. ಸಕ್ಕುಬಾಯಿ ಚಾಪೆ ಹಾಸಿ ಚಹಾ ಕೊಟ್ಟಳು. ವಿಷಯ ಕೇಳುತ್ತಿದ್ದಂತೆ ಅವಳ ಮುಖ ಬಿಗಿಯಾಯಿತು.

"ನಮ್ಮ ಹುಡುಗಿ ಕಿವುಡಿ ಅಲ್ರಿ ಬಾಯಾರ. ಕರದ್ರ ಓ ಅಂತಾಳ. ಇಂಥಾ ಮಾತು ಊರಾಗ ಹೋದ್ರ ನಾಳೆ ಆಕೀನ್ನ ಯಾರ ಮಾಡ್ಕೋತಾರ?"

ಪ್ರಾಜಕ್ತಾ ಭಾಗ್ಯಾಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಸದ್ದು ಕೇಳಿದರೆ ಕೈ ಎತ್ತು ಎಂದಳು. ಮೂರು ಹೆಜ್ಜೆ ಹಿಂದೆ ನಿಂತು ಮೆಲ್ಲಗೆ 'ಆ' ಎಂದಳು. ಕೈ ಮೇಲೇರಿತು. 'ಊ', 'ಈ', 'ಮ್' ಎಲ್ಲಕ್ಕೂ ಕೈ ಎದ್ದಿತು. 'ಶ್' ಎಂದಳು. ಹುಡುಗಿ ಸುಮ್ಮನೆ ಕುಳಿತಿದ್ದಳು. 'ಸ್' ಎಂದಳು. ಹಾಗೇ ಕುಳಿತಿದ್ದಳು.

ಸಕ್ಕುಬಾಯಿ ಎದ್ದು ಬಂದಳು. ಮಗಳ ಬೆನ್ನ ಹಿಂದೆ ಬಾಗಿ, ಕೂಸನ್ನು ಉಚ್ಚೆ ಹೊಯ್ಯಿಸುವಾಗ ಅನ್ನುವಂತೆ ಉದ್ದಕ್ಕೆ 'ಸ್' ಎಂದಳು. ಇನ್ನೂ ಹತ್ತಿರ ಹೋಗಿ ಮತ್ತೊಮ್ಮೆ ಎಂದಳು. ಕೈ ಏಳಲಿಲ್ಲ. ಬೆನ್ನಿಗೆ ಉಸಿರು ತಾಗಿ ಭಾಗ್ಯಾ ತಿರುಗಿ ನೋಡಿದಳು.

"ಕುಕ್ಕರ್ ಸೀಟಿ ಹೊಡದ್ರೂ ಬಂದ್ ಮಾಡ್ಲಿಲ್ಲಂತ ಮೊನ್ನೆ ಬಡದೇನ್ರಿ ಈಕಿಗೆ," ಎಂದು ಸಕ್ಕುಬಾಯಿ ನೆಲದ ಮೇಲೆ ಕುಳಿತಳು.

"ನಾನೂ ಈಕಿ ಕಿವಿ ಹಿಂಡೇನಿ," ಎಂದಳು ಪ್ರಾಜಕ್ತಾ.

ಮುಂದಿನ ಸೋಮವಾರ ಮಾಯಪ್ಪ ಕೆಲಸ ಬಿಟ್ಟು ಬಂದ. ನಾಲ್ವರೂ ಬಸ್ಸಿನಲ್ಲಿ ಮಿರಜಕ್ಕೆ, ನಿಖಿಲನ ಆಸ್ಪತ್ರೆಗೆ ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ ಒಂದು ತಾಸು ಪರೀಕ್ಷೆ ಮಾಡಿದರು. ನಿಖಿಲ ಕಾಗದದ ಮೇಲಿನ ಗೆರೆ ತೋರಿಸಿದ: ಎಡಗಡೆ, ದಪ್ಪ ಸದ್ದಿನ ಕಡೆ, ಮಟ್ಟಸವಾಗಿದ್ದ ಗೆರೆ ಬಲಕ್ಕೆ, ಚೂಪು ಸದ್ದಿನ ಕಡೆ, ಹೋಗುತ್ತ ಬಾವಿಗೆ ಇಳಿದಂತೆ ಇಳಿದಿತ್ತು. ನಾಲ್ಕು ವರ್ಷದವಳಿದ್ದಾಗ ಬಂದಿದ್ದ ದೊಡ್ಡ ಜ್ವರದಿಂದ ಹೀಗಾಯಿತೇ ಎಂದು ಸಕ್ಕುಬಾಯಿ ಕೇಳಿದಳು. ಇರಬಹುದು, ಖಾತ್ರಿಯಾಗಿ ಹೇಳಲು ಬರುವುದಿಲ್ಲ ಎಂದ ಅವನು.

ಕಿವಿಯ ಯಂತ್ರ ಫೆಬ್ರವರಿಯಲ್ಲಿ ಚಿಕ್ಕೋಡಿಯ ಶಿಬಿರದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಭಾಗ್ಯಾ ಮೊದಲ ಬೆಂಚಿನಲ್ಲಿ ಕುಳಿತಳು, ಪ್ರಾಜಕ್ತಾ ಅವಳಿಗೆ ತುಟಿ ಕಾಣುವಂತೆ ನಿಂತಲ್ಲೇ ನಿಂತು ಪಾಠ ಹೇಳಿದಳು. ಯಂತ್ರ ಬಂದ ಕೂಡಲೇ ಎಲ್ಲ ಸರಿಹೋಗಲಿಲ್ಲ. ಮೊದಲ ವಾರ ತಲೆನೋವು ಎಂದು ಭಾಗ್ಯಾ ಅದನ್ನು ತೆಗೆದು ಕಂಪಾಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದಳು. ಕಬ್ಬಿನ ಒಣ ಎಲೆಯ ರವದಿ ಗಾಳಿಗೆ ಅಷ್ಟು ಸದ್ದು ಮಾಡುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದು ಮೊದಲಿನಿಂದಲೂ ಇತ್ತೇ ಎಂದು ಕೇಳಿದಳು. ನಿಖಿಲ ತಿಂಗಳಿಗೊಮ್ಮೆ ಕರೆಸಿ ಕನ್ನಡಿಯ ಮುಂದೆ ಕೂರಿಸಿ ನಾಲಿಗೆ ಎಲ್ಲಿಡಬೇಕೆಂದು ತೋರಿಸಿದ. ಸಕಾರ ನಿಧಾನವಾಗಿ ತಿದ್ದಿಕೊಂಡಿತು. ಶಕಾರ ಕಡೆಗೂ ಪೂರ್ತಿ ಬರಲಿಲ್ಲ.

ಐದನೆಯ ತರಗತಿ ಮುಗಿದ ದಿನ ಪ್ರಾಜಕ್ತಾ ಅವಳನ್ನು ಪಕ್ಕಕ್ಕೆ ಕರೆದು, ಅಂದು ಕಿವಿ ಹಿಂಡಿದ್ದು ತನ್ನ ತಪ್ಪು ಎಂದಳು. ಭಾಗ್ಯಾ, ಇರಲಿ ಬಿಡ್ರಿ ಎಂದಳು. ಮರೆತಿದ್ದೇನೆ ಅನ್ನಲಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಪ್ರಾಜಕ್ತಾಳಿಗೆ ಸಂತೆಯಲ್ಲಿ ಸಕ್ಕುಬಾಯಿ ಸಿಕ್ಕಳು. ಭಾಗ್ಯಾ ಒಂಬತ್ತನೆಯ ತರಗತಿಯಲ್ಲಿದ್ದಳು. ಹೈಸ್ಕೂಲಿಗೆ ಹೊಸದಾಗಿ ಬಂದ ಇಂಗ್ಲಿಷ್ ಮಾಸ್ತರ ಅಣ್ಣಾಸಾಬ ಫಲಕದ ಕಡೆ ತಿರುಗಿ ಬರೆಯುತ್ತಲೇ ಪಾಠ ಹೇಳುತ್ತಿದ್ದರಂತೆ. ಭಾಗ್ಯಾ ಮೂರು ದಿನ ನೋಡಿ ನಾಲ್ಕನೆಯ ದಿನ ಎದ್ದು ನಿಂತಳಂತೆ.

"'ಸರ್, ಈ ಕಡೆ ಮಾರಿ ಮಾಡಿ ಹೇಳ್ರಿ, ನನಗ ನಿಮ್ಮ ತುಟಿ ಕಾಣಬೇಕ್ರಿ' ಅಂದಾಳ್ರಿ," ಎಂದಳು ಸಕ್ಕುಬಾಯಿ. "ಹುಡುಗೂರು ನಕ್ರಂತ. ಈಕಿ ಕುಂಡರಲೇ ಇಲ್ಲಂತ, ಅವರು ತಿರುಗೂತನಾ."

ಹೇಳಿ ಮುಗಿಸಿ ಅವಳು ಬದನೆಕಾಯಿ ಆರಿಸತೊಡಗಿದಳು. ಪ್ರಾಜಕ್ತಾ ಅವಳ ಪಕ್ಕದಲ್ಲೇ ನಿಂತು ತಾನೂ ಅರ್ಧ ಕಿಲೋ ತೂಗಿಸಿಕೊಂಡಳು.