ಉಪ್ಪು ಕಡಿಮೆ

ಮನೆ ಮುಂದಿನ ಹೊಲಿಗೆ ಅಂಗಡಿಯಲ್ಲಿ ಕತ್ತರಿ ಮಾಸ್ಟರಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಬಟ್ಟೆ ಹಾಸಿದ ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವುದು, ಯಾಕೆ ಬಂದೆನೆಂದು ನೆನಪಾಗದೆ ಹಿಂದಿರುಗುವುದು, ನಡುವೆ ಬಾಟಲಿ ಎತ್ತಿ ಗಟಗಟ ನೀರು ಕುಡಿಯುವುದು. ಮಗ್ಗುಲಲ್ಲೇ ಇಸ್ತ್ರಿ ಮೇಜು. ಅದರ ಹಬೆಗೆ ಮೈಯೆಲ್ಲ ಬೆವರು. ಬಾಯಾರಲಿ ಬಿಡಲಿ, ನೀರು ಕುಡಿದಷ್ಟೂ ಒಳ್ಳೆಯದೆಂದು ಅವರ ನಂಬಿಕೆ. ಬಾಟಲಿ ಬರಿದಾಗುವುದೇ ತಡ, ಹೆಂಡತಿ ತುಂಬಿಸಿಡುತ್ತಿದ್ದಳು.

ಅಂದು ಒಂದೇ ಅಂಗಿಗೆ ಎರಡೂ ಎಡದ ತೋಳುಗಳನ್ನೇ ಕತ್ತರಿಸಿದ್ದರು.

"ಅಣ್ಣ, ಇದನ್ನ ಹಾಕ್ಕೊಳ್ಳೋಕೆ ಗಿರಾಕಿ ಬಲಗೈ ಮನೇಲಿಟ್ಟು ಬರಬೇಕಾ?" ಎಂದ, ಹೊಲಿಗೆ ಮೆಷಿನ್ ಮೇಲಿದ್ದ ತಮ್ಮ. "ಅರವತ್ತಕ್ಕೆ ಅರಳುಮರಳು ಅಂತಾರೆ, ನಿಂಗೆ ಮೊದಲೇ ಬಂತಲ್ಲ! ಕತ್ತರಿ ನಂಗೆ ಕೊಡು. ನೀನು ಗುಂಡಿ ಹಾಕ್ಕೊಂಡು ಕೂತ್ಕೋ."

ಮೊದಲ ಮಾತು ತಮಾಷೆಯದು, ಕೊನೆಯದು ಅಲ್ಲ. ಮಾಸ್ಟರು ನಕ್ಕರು, ಕತ್ತರಿ ಮಾತ್ರ ಕೈಬಿಡಲಿಲ್ಲ. ಅವರಪ್ಪ ಕೊನೆಗಾಲದಲ್ಲಿ ಇವರನ್ನೇ "ಯಾರಪ್ಪ ನೀನು?" ಎಂದು ಕೇಳಿದ್ದರು. ತನಗೂ ಅದೇ ಬಂತೇ? ಕತ್ತರಿ ಹೋದರೆ ತಾನು ಯಾವ ಮಾಸ್ಟರು?

ಅದಕ್ಕೆ ಕೆಲವು ದಿನ ಮೊದಲು ಕಾಲು ಹಿಡಿದುಕೊಳ್ಳುತ್ತದೆಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ನರ್ಸು ಫೋನು ಮಾಡಿದಾಗ ಮೆಷಿನ್ನಿನ ಗಡಗಡದ ನಡುವೆ ಹೆಂಡತಿಗೆ ಕೇಳಿಸಿದ್ದು "ಉಪ್ಪು ಕಡಿಮೆ" ಎಂಬುದಷ್ಟೇ. ಡಾಕ್ಟರ ಬಳಿ ಹೋದ ಅಕ್ಕಪಕ್ಕದವರೆಲ್ಲ ತರುವ ಮಾತೂ ಅದೇ ಅಲ್ಲವೇ? "ಆಯ್ತಮ್ಮ" ಎಂದು ಫೋನಿಟ್ಟಳು. ಕಡಿಮೆ ಏಕೆ, ಬಿಡಿಸಿಯೇ ಬಿಡೋಣವೆಂದು ಡಬ್ಬವನ್ನೇ ಅಟ್ಟಕ್ಕೇರಿಸಿದಳು.

ತೋಳು ತಪ್ಪಿ ಕತ್ತರಿಸಿದ ಆ ದಿನ ಮಧ್ಯಾಹ್ನ ಸಪ್ಪೆ ಸೊಪ್ಪನ್ನು ಕಲಸುತ್ತಾ ಮಾಸ್ಟರು, "ಉಪ್ಪಿಟ್ಟವರನ್ನ ಮುಪ್ಪಿನ ತನಕ ನೆನೆ ಅಂತಾರೆ. ನೀನು ಉಪ್ಪೇ ಇಡಲ್ಲ, ನಿನ್ನ ಹೇಗೆ ನೆನೀಲಿ?" ಎಂದರು.

"ಊಟ ಮಾಡ್ರೀ, ಮಾತಿಗೇನೂ ಕಡಿಮೆ ಇಲ್ಲ."

ಅವರು ಎದ್ದರು, ಕೂತರು, ಮತ್ತೆ ಎದ್ದರು. ಬಾಗಿಲಿಗೆ ಹೋದವರು ಚಿಲಕ ಎಲ್ಲಿದೆಯೆಂದು ತಡಕಾಡತೊಡಗಿದರು. ಇಪ್ಪತ್ತೈದು ವರ್ಷ ತೆಗೆದ ಚಿಲಕ! ಅಲ್ಲೇ ವಾಂತಿಯಾಯಿತು. ಹೆಂಡತಿ ಕೂಗಿಕೊಂಡಳು, ಮೈದುನ ಓಡಿ ಬಂದು ಗಾಡಿ ತಂದ.

"ನೀರು ಎಷ್ಟು ಕುಡೀತಾರಮ್ಮ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಕೊಡಗಟ್ಟಲೆ. ಉಪ್ಪಂತೂ ಪೂರ್ತಿ ಬಿಡಿಸಿದ್ದೀನಿ, ನೀವು ಹೇಳಿದ ಹಾಗೇ."

"ನಾನೆಲ್ಲಮ್ಮ ಹೇಳಿದೆ?"

"ನರ್ಸಮ್ಮ ಫೋನಲ್ಲಿ ಹೇಳಿದ್ರಲ್ಲ, ಉಪ್ಪು ಕಡಿಮೆ ಅಂತ."

ಡಾಕ್ಟರು ತಲೆ ಚಚ್ಚಿಕೊಂಡರು. "ಕಡಿಮೆ ಮಾಡಿ ಅಂತಲ್ಲ ತಾಯಿ, ಕಡಿಮೆ ಆಗಿದೆ ಅಂತ! ರಕ್ತದಲ್ಲಿ. ಬೆವರಲ್ಲಿ ಒಂದಿಷ್ಟು ಹೋಗ್ತಿತ್ತು. ನೀವು ಮೇಲಿಂದ ನೀರು ಹುಯ್ದು ಹುಯ್ದು ಉಳಿದದ್ದನ್ನೂ ತೆಳ್ಳಗೆ ಮಾಡಿದ್ರಿ. ಈ ತಳಮಳ, ಮರೆವು ಎಲ್ಲ ಅದರದ್ದೇ."

"ಈಗ್ಲೇ ಒಂದು ಹಿಡಿ ತಿನ್ನಿಸ್ತೀನಿ..."

"ಬೇಡಮ್ಮ! ಒಮ್ಮೆಗೇ ಏರಿಸಿದ್ರೂ ಅಪಾಯ. ಇಲ್ಲೇ ಇರ್ಲಿ, ನಿಧಾನಕ್ಕೆ ಸರಿ ಮಾಡ್ತೀವಿ."

ಮಾಸ್ಟರು ಹಾಸಿಗೆಯಿಂದ ತಲೆ ಎತ್ತಿದರು. "ಹಾಗಾದ್ರೆ ನನ್ನ ತಲೆ?"

"ತಲೆ ಕೆಟ್ಟಿಲ್ಲ ಮಾಸ್ಟ್ರೇ. ನೀರು ಜಾಸ್ತಿಯಾಗಿದೆ, ಅಷ್ಟೇ."

"ಇನ್ನೊಂದ್ಸಲ ಹೇಳಿ" ಎಂದರು ಮಾಸ್ಟರು.

ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದಷ್ಟೇ ಉಪ್ಪು, ಬಾಯಾರಿದಾಗಷ್ಟೇ ನೀರು. ಅಂಗಡಿಗೆ ಹೋದ ದಿನ ತಮ್ಮನೇ ಬಟ್ಟೆ ಹಾಸಿ, ಕತ್ತರಿಯ ಹಿಡಿಯನ್ನು ಅಣ್ಣನ ಕಡೆ ತಿರುಗಿಸಿ ಕೊಟ್ಟ. ಮಾಸ್ಟರು ಗುರುತು ಹಾಕಿದರು, ಒರೆಸಿದರು, ಮತ್ತೆ ಹಾಕಿದರು. ಕೈ ಮುಂದೆ ಹೋಗಲಿಲ್ಲ. ರಕ್ತ ಸರಿಹೋಗಿತ್ತು, ಧೈರ್ಯ ಇನ್ನೂ ಬಂದಿರಲಿಲ್ಲ.

"ಗುರುತು ಸರಿ ಇದೆಯೇನೋ?"

"ಇದೆ ಅಣ್ಣ." ಈ ಸಲ ತಮ್ಮ ಚುಡಾಯಿಸಲಿಲ್ಲ.

ಮಾಸ್ಟರು ಹೆಂಡತಿಯ ಕಡೆ ನೋಡಿದರು. "ನೀನೇನಂತೀಯೇ?"

"ನನ್ನ ಕೇಳ್ಬೇಡಿ ರೀ. ಅರ್ಧ ಮಾತು ಕೇಳಿ ಪೂರ್ತಿ ಅಡಿಗೆ ಮಾಡೋಳು ನಾನು!"

ಅವರಿಗೆ ನಗು ಉಕ್ಕಿತು. ನಗುನಗುತ್ತಲೇ ನೋಡುತ್ತಾರೆ, ಕತ್ತರಿ ಆಗಲೇ ಬಟ್ಟೆಯೊಳಗೆ ಗೇಣುದ್ದ ಹೋಗಿತ್ತು.