ಇಳಿಜಾರಿನ ಹಾರ್ನ್

"ಬ್ರೇಕ್ ಒತ್ತೋದಾದ್ರೆ ಒಂದೇ ಸಲ ಒತ್ತಬಾರದಾ? ಹೀಗೆ ಒತ್ತಿ ಒತ್ತಿ ಬಿಟ್ರೆ ಹೊಟ್ಟೆ ತೊಳಸುತ್ತೆ," ಎಂದಳು ಲಾರಿಯಲ್ಲಿ ಪಕ್ಕ ಕೂತಿದ್ದ ಹೆಂಡತಿ.

ಡ್ರೈವರ್ ನಕ್ಕ. ಹಿಂದೆ ಟ್ರೇಲರ್ ತುಂಬ ಕಲ್ಲು ಚಪ್ಪಡಿ, ಮುಂದೆ ತುಂತುರಿಗೆ ನೆನೆದ ಇಳಿಜಾರು. ಇಳಿಯುವ ಮೊದಲೇ ಗೇರ್ ತಗ್ಗಿಸಿಕೊಂಡು, ಬ್ರೇಕನ್ನು ಆಗಾಗ ಒಂದಿಷ್ಟು ಒತ್ತಿ ಬಿಡುತ್ತ ಬರುವುದು ಅವನ ಪದ್ಧತಿ. "ಬ್ರೇಕ್ ಒತ್ತೋಕೆ ಕಾಲಿದ್ರೆ ಸಾಕು ಕಣೇ, ಬಿಡೋಕೆ ತಲೆ ಬೇಕು. ಒಮ್ಮೆಲೇ ತುಳಿದೆ ಅಂದ್ಕೋ, ಹಿಂದಿನ ಟ್ರೇಲರ್ ಪಕ್ಕಕ್ಕೆ ತಿರುಗಿ ರಸ್ತೇಲಿ ಇರೋರನ್ನೆಲ್ಲ ಗುಡಿಸ್ಕೊಂಡು ಹೋಗುತ್ತೆ."

ಈ ಉಪದೇಶ ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು. ತವರಿನಿಂದ ವಾರದ ಮೇಲೆ ಮರಳುತ್ತಿದ್ದವಳ ಮನಸ್ಸೆಲ್ಲ ಇಳಿಜಾರಿನ ಬುಡದ ಮನೆಯ ಮೇಲೆ, ಮನೆಗಿಂತ ಹೆಚ್ಚಾಗಿ ಪಕ್ಕದವರ ಬಳಿ ಬಿಟ್ಟುಬಂದ ನಾಯಿಯ ಮೇಲೆ. ಮನೆಯಲ್ಲಿ ಅದರದೇ ಕಾರುಬಾರು; ಹೆಸರೂ ದೊರೆ. ಗೇಟಿನ ಮುಂದೆ ಲಾರಿ ನಿಲ್ಲಿಸಿ ಡ್ರೈವರ್ ಎರಡು ಸಲ ಹಾರ್ನ್ ಹೊಡೆದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಚಕ್ರದ ಪಕ್ಕ ಕುಣಿಯುತ್ತಿತ್ತು. ಕಲಿಸಿದವನು ಅವನೇ. ಬಂದ ನೆಂಟರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ.

"ಅಲ್ನೋಡಿ, ನಮ್ ದೊರೆ," ಎಂದಳು.

ಕೆಳಗೆ ರಸ್ತೆಯಂಚಿನ ಮೋರಿ ಕಟ್ಟೆಯ ಮೇಲೆ ನಾಯಿ ಬೆನ್ನು ಮಾಡಿ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು. ಎದುರು ಬದಿಯಲ್ಲಿ ಬಸ್ಸಿಗೆ ಕಾದ ಜನ. ರಸ್ತೆ ಪಕ್ಕ ಪ್ರಾಣಿ ಕಂಡೊಡನೆ ಹಾರ್ನಿಗೆ ಹೋಗುವ ಡ್ರೈವರನ ಕೈ ಹೋಗಿಯೇಬಿಟ್ಟಿತು. ಒಂದು ಸಲ, ಮತ್ತೊಂದು ಸಲ.

ದೊರೆ ತಿರುಗಿ ನೋಡಿತು. ಬಾಲ ಅಲ್ಲಾಡಿಸುತ್ತ ರಸ್ತೆಗೆ ಹಾರಿ, ಲಾರಿಗೆ ಎದುರಾಗಿಯೇ ಓಡಿ ಬಂತು.

"ಬ್ರೇಕ್ ಹಾಕ್ರೀ," ಅವಳು ಅವನ ತೋಳು ಹಿಡಿದು ಜಗ್ಗಿದಳು.

ಅವನು ಎಂದಿನಷ್ಟೇ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಸ್ಟೇರಿಂಗ್ ಕೂದಲೆಳೆಯಷ್ಟೂ ತಿರುಗಲಿಲ್ಲ. ಚಕ್ರದಡಿ ಸಣ್ಣದಾಗಿ ಏನೋ ಎತ್ತಿ ಹಾಕಿದಂತಾಯಿತು. ಬಸ್ಸಿಗೆ ಕಾದವರಲ್ಲಿ ಒಬ್ಬರ ಚಪ್ಪಲಿಗೂ ಕೆಸರು ಹಾರಲಿಲ್ಲ.

ಗೇಟಿನ ಮುಂದೆ ಲಾರಿ ಅಲುಗದೆ ನಿಂತಿತು. ಡ್ರೈವರ್ ಇಂಜಿನ್ ಆರಿಸಿದ.

"ತುಳಿದಿದ್ರೆ ಅಷ್ಟೂ ಜನ ಹೋಗ್ತಿದ್ರು. ನೀನೇ ನೋಡಿದ್ಯಲ್ಲ, ಬ್ರೇಕ್ ಹಾಕೋ ಹಾಗೇ ಇರ್ಲಿಲ್ಲ."

"ಬ್ರೇಕಿನ ಮಾತು ಈಗ ಯಾರು ಆಡಿದ್ರು?" ಎಂದಳು ಅವಳು, ಅವನತ್ತ ನೋಡದೆ. "ಅದು ಅದರ ಪಾಡಿಗೆ ಕೂತಿತ್ತು. ಹಾರ್ನ್ ಯಾಕೆ ಹೊಡೆದ್ರಿ?"



ಹಿಂದೆ ಬಂದು ನಿಂತ ಲಾರಿಯೊಂದು ದಾರಿ ಬಿಡೆಂದು ಎರಡು ಸಲ ಹಾರ್ನ್ ಹೊಡೆಯಿತು. ಇಬ್ಬರೂ ಒಟ್ಟಿಗೆ ಮೋರಿ ಕಟ್ಟೆಯತ್ತ ತಿರುಗಿದರು.