ಎರಡನೆಯ ಗೆರೆ

ದಾಕ್ಷಾಯಣಿ ಒಂಬತ್ತನೆಯ ರೊಟ್ಟಿ ಬಡಿಯುತ್ತಿದ್ದಾಗ ನಾನು ಆ ಮನೆಗೆ ಬಂದೆ. ಕೊರಿಯರ್‌ನವನು ಬಾಗಿಲಲ್ಲಿ ನಿಂತು ಕೂಗಿದ. ಹಂಚಿನ ಮೇಲಿದ್ದ ರೊಟ್ಟಿಗೆ ನೀರು ಸವರಿ, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಅವಳು ನನ್ನನ್ನು ಇಸಿದುಕೊಂಡಳು.

"ಏನ್ ಬಂತವಾ?" ಪಡಸಾಲೆಯಿಂದ ಅತ್ತೆ ಹಂಪವ್ವ ಕೇಳಿದಳು.

"ಅಂಗಡಿ ಸಾಮಾನ ಇರಬೇಕ್ರಿ ಅತ್ತಿ. ಇವರು ತರಿಸ್ಯಾರ."

ನನ್ನನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲಾಗಿತ್ತು. ಆ ಮನೆಯಲ್ಲಿ ನನ್ನಿಂದಾದ ಮೊದಲ ನಷ್ಟ ಅದು.

ನಾನು ಒಂದು ಪರೀಕ್ಷಾ ಪಟ್ಟಿ. ಬೆರಳುದ್ದದ ಬಿಳಿ ಪ್ಲಾಸ್ಟಿಕ್ ಮೈ, ಹೊಟ್ಟೆಯ ಮೇಲೆ ಗೆರೆ ಮೂಡುವ ಪುಟ್ಟ ಕಿಂಡಿ, ಅದರ ಕೆಳಗೆ ಹನಿ ಹಾಕುವ ಪುಟ್ಟ ಗುಳಿ. ದೂರದ ಊರಿನ ಕಾರ್ಖಾನೆಯೊಂದರ ತಣ್ಣನೆಯ ಕೋಣೆಯಲ್ಲಿ ಹುಟ್ಟಿದೆ. ಟೋಪಿ, ಕೈಗವಸು ತೊಟ್ಟ ಹೆಂಗಸರು ನನ್ನನ್ನೂ ನನ್ನ ಅವಳಿ ಅಣ್ಣನನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿದರು. ಗಂಡಸು ಸಂತಾನ ತಡೆಯುವ ಆಪರೇಷನ್ ಮಾಡಿಸಿಕೊಂಡ ಮೇಲೆ ಅವನ ವೀರ್ಯದಲ್ಲಿ ಇನ್ನೂ ವೀರ್ಯಾಣು ಉಳಿದಿದೆಯೇ ಎಂದು ಹೇಳುವುದು ನಮ್ಮ ಕಸುಬು. ಮೊದಲ ಗೆರೆ ಯಾವ ದ್ರವ ಹರಿದರೂ ಮೂಡುತ್ತದೆ. ನಾವು ಕೆಟ್ಟಿಲ್ಲ ಎಂಬುದಕ್ಕಷ್ಟೇ ಅದು ಗುರುತು. ವೀರ್ಯಾಣು ಇದ್ದರೆ ಮಾತ್ರ ಎರಡನೆಯದು ಮೂಡುತ್ತದೆ. ಒಂದು ಗೆರೆಯೆಂದರೆ ನೆಮ್ಮದಿ, ಎರಡೆಂದರೆ ಅಪಾಯ. ನಮ್ಮಿಬ್ಬರನ್ನೂ ಬೇರೆ ಬೇರೆ ತಿಂಗಳಲ್ಲಿ ಕೇಳಬೇಕು, ಇಬ್ಬರ ಉತ್ತರವೂ ಒಂದೇ ಆದರೆ ಮಾತ್ರ ನಂಬಬೇಕು ಎಂದು ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು. ಆ ಚೀಟಿಯನ್ನು ಯಾರೂ ಪೂರ್ತಿ ಓದಲಿಲ್ಲ.

ಮನೆಯೊಡೆಯ ಗವಿಸಿದ್ದಪ್ಪನಿಗೆ ಕೊಪ್ಪಳದ ಬಸ್ ನಿಲ್ದಾಣದ ಹಿಂದೆ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಜೀವ ಕೊಡುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಹೊಟ್ಟೆ ಕೊಯ್ದು ಹೊರತೆಗೆದವರು. ಎರಡನೆಯ ಸಲ ದಾಕ್ಷಾಯಣಿ ಮೂರು ದಿನ ಕಣ್ಣು ತೆರೆದಿರಲಿಲ್ಲ. ಇನ್ನೊಂದು ಬಸಿರು ನಿಂತರೆ ಜೀವದ ಆಸೆ ಬಿಡಬೇಕಾದೀತು ಎಂದು ಡಾಕ್ಟರಮ್ಮ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. "ಇಕಿಗೆ ಮತ್ತ ಕತ್ತರಿ ಬ್ಯಾಡ, ನಾನ ಮಾಡಿಸ್ಕೋತೀನಿ" ಎಂದಿದ್ದ ಗವಿಸಿದ್ದಪ್ಪ. ಮಾಡಿಸಿಯೂ ಬಂದ. ಅವ್ವನಿಗೆ ಮಾತ್ರ ಹೇಳಲಿಲ್ಲ. ಆ ಆಪರೇಷನ್ ಆದ ಗಂಡಸು ಚೀಲ ಎತ್ತಲಾರ ಎಂದು ನಂಬಿದ ಮುದುಕಿ ಅವಳು. ಹುಬ್ಬಳ್ಳಿಗೆ ತಂತಿ ತರಲು ಹೋಗುತ್ತೇನೆಂದು ಸುಳ್ಳು ಹೇಳಿ, ಎರಡು ದಿನ ಅಂಗಡಿಯ ಬೆಂಚಿನ ಮೇಲೆ ನೋವು ನುಂಗಿಕೊಂಡು ಮಲಗಿದ್ದ. ಅಂದಿನಿಂದ ದಾಕ್ಷಾಯಣಿ ಅವನನ್ನು ನೋಡುವ ರೀತಿಯೇ ಬೇರೆಯಾಗಿತ್ತು. ಓಣಿಯ ಯಾವ ಗಂಡಸೂ ಹೆಂಡತಿಗಾಗಿ ಮಾಡದಿದ್ದನ್ನು ತನ್ನ ಗಂಡ ಮಾಡಿದ್ದ.

ಮೂರು ತಿಂಗಳಾದ ಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ವೀರ್ಯವನ್ನು ಪರೀಕ್ಷೆಗೆ ಕೊಡಬೇಕಿತ್ತು. ಲ್ಯಾಬಿನ ಹುಡುಗಿ ಅದೇ ಓಣಿಯವಳು.

"ಅಕಿ ದಿನಾ ಸಂಜಿಕೆ ನಮ್ಮವ್ವನ ಕೂಡ ಕಟ್ಟಿ ಮ್ಯಾಲ ಕುಂದರ್ತಾಳ. ಅಕಿ ಕೈಯಾಗ ಆ ಡಬ್ಬಿ ಕೊಡ್ಲೇನ?" ಎಂದ ಗವಿಸಿದ್ದಪ್ಪ. ಹಾಗಾಗಿ ನಮ್ಮನ್ನು ತರಿಸಿದ.

ಒಂದು ಬೆಳಿಗ್ಗೆ ಪೆಟ್ಟಿಗೆಯ ಸಮೇತ ನಮ್ಮನ್ನು ಟವೆಲಿನಲ್ಲಿ ಸುತ್ತಿಕೊಂಡು ಬಚ್ಚಲಿಗೆ ಹೋದ. ತಗಡಿನ ಬಾಗಿಲು. ಹೊರಗೆ ಹಂಪವ್ವ ಬಡಿಯತೊಡಗಿದಳು.

"ಗವಿಸಿದ್ದ್ಯಾ, ಏನ್ ಜಳಕಾನೋ ಇದು? ಮದುವಿ ಮಗಾ ಆಗೀ ಏನ್? ಹುಡುಗ್ಯಾರ ಸಾಲಿಗೆ ಹೊತ್ತಾತು!"

"ಬಂದೆ ಬೇ!"

ವೀರ್ಯ ಹಿಡಿಯಲೆಂದು ಪೆಟ್ಟಿಗೆಯಲ್ಲೇ ಬಂದಿದ್ದ ಪ್ಲಾಸ್ಟಿಕ್ ಕಪ್ ಅವನ ಕೈಯಲ್ಲಿ ಖಾಲಿಯೇ ಇತ್ತು. ಮತ್ತೆ ಬಾಗಿಲು ಬಡಿದರು, ಈ ಸಲ ದೊಡ್ಡ ಮಗಳು. ಅವನು ಅತ್ತಿತ್ತ ನೋಡಿದ. ಗೂಡಿನಲ್ಲಿದ್ದ ಸಾಬೂನನ್ನು ಕಪ್ಪಿನೊಳಗೆ ಅದ್ದಿ, ಚೂರು ನೀರು ಹಾಕಿ ಕಲಸಿದ. ಆ ಬೆಳ್ಳಗಿನ ನೀರನ್ನು ಅಣ್ಣನ ಗುಳಿಗೆ ಹನಿಸಿದ.

ನಾನು ದಂಗಾಗಿಹೋದೆ. ಅಣ್ಣನಾದರೂ ಏನು ಮಾಡಿಯಾನು? ಸಾಬೂನಿನಲ್ಲಿ ಇಲ್ಲದ್ದನ್ನು ಇಲ್ಲ ಎಂದ. ಒಂದೇ ಗೆರೆ ಎಳೆದ.

"ನೋಡಿಲ್ಲೆ, ಒಂದ ಗೆರಿ. ಫಸ್ಟ್ ಕ್ಲಾಸ್!" ಅಡುಗೆಮನೆಯಲ್ಲಿ ಗವಿಸಿದ್ದಪ್ಪ ಅಣ್ಣನನ್ನು ಹೆಂಡತಿಯ ಮುಖಕ್ಕೆ ಹಿಡಿದ.

"ಇನ್ನೊಂದು ಐತಲ್ರಿ?"

"ಅದು ಸ್ಪೇರ್. ಇರ್ಲಿ."

ಅವಳು ನಕ್ಕಳು. ಅಷ್ಟು ಹಗುರಾಗಿ ಅವಳು ನಕ್ಕಿದ್ದನ್ನು ನಾನು ಮೊದಲು ಕೇಳಿರಲಿಲ್ಲ. ಅಣ್ಣ ಕಸದ ಬುಟ್ಟಿ ಸೇರಿದ. ಸ್ಪೇರಾದ ನಾನು ಹಿಟ್ಟಿನ ಡಬ್ಬಿಯ ಹಿಂದೆ ಉಳಿದೆ.

ಎರಡು ತಿಂಗಳು ಕಳೆದಿರಬೇಕು. ದಾಕ್ಷಾಯಣಿ ಒಲೆಯ ಮುಂದಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡತೊಡಗಿದಳು. ಪಿತ್ತ ಎಂದುಕೊಂಡಳು. ನಾಲ್ಕನೆಯ ದಿನ ಹಂಪವ್ವ ಅವಳ ಗಲ್ಲ ಹಿಡಿದೆತ್ತಿ ನೋಡಿದಳು. ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಬಸಿರೆಂದು ಖಾತ್ರಿ ಮಾಡಿಸಿಕೊಂಡು ಬಂದು, ಹಿಡಿ ಸಕ್ಕರೆ ಸೊಸೆಯ ಬಾಯಿಗೆ ಹಾಕಿದಳು.

"ಈ ಸಲ ಗಂಡು ಕೂಸ ನೋಡ. ನೀ ನಡಿಯೂದ್ರಾಗ ಗೊತ್ತಾಕ್ಕೈತಿ."

ದಾಕ್ಷಾಯಣಿ ಸಕ್ಕರೆಯನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಗವಿಸಿದ್ದಪ್ಪ ಮೂರು ದಿನ ನಡುರಾತ್ರಿಯವರೆಗೆ ಅಂಗಡಿಯಲ್ಲೇ ಉಳಿದ. ನಾಲ್ಕನೆಯ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪಡಸಾಲೆಗೆ ಕೇಳದಷ್ಟು ಮೆಲ್ಲಗೆ ಕೇಳಿದ.

"ಯಾರದು?"

ಅವಳು ಹಿಟ್ಟಿನ ಕೈಯಲ್ಲೇ ತಿರುಗಿದಳು. "ಏನಂದ್ರಿ?"

"ಒಂದ ಗೆರಿ ಬಂದಿತ್ತು. ನೀನ ಕಣ್ಣಾರೆ ನೋಡಿದಿ. ಹಂಗಾರ ಇದು ಯಾರದು?"

ನನಗೆ ಬಾಯಿ ಇದ್ದಿದ್ದರೆ ಆ ಡಬ್ಬಿಯ ಹಿಂದಿನಿಂದ ಕಿರುಚುತ್ತಿದ್ದೆ. ಸಾಬೂನು ಕಲಸಿದ ಕೈಯನ್ನೇ ಬಾಗಿಲಿಗೆ ಊರಿಕೊಂಡು ಅವನು ಕೇಳುತ್ತಿದ್ದ. ಒಂದೇ ಸುಳ್ಳನ್ನು ಅರವತ್ತು ದಿನ ಜೊತೆಗಿಟ್ಟುಕೊಂಡರೆ ಅದು ಮನುಷ್ಯನಿಗೆ ನಿಜದಂತೆಯೇ ಕಾಣುತ್ತದೆಯೋ ಏನೋ, ನನಗೆ ತಿಳಿಯದು.

ಅವಳು ಅಳಲಿಲ್ಲ. ಮಧ್ಯಾಹ್ನ ನನ್ನನ್ನು ಹೊರಗೆಳೆದು ಚೀಟಿಯನ್ನು ಬಿಡಿಸಿ, ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. ಭಾನುವಾರ ಹಂಪವ್ವ ಮೊಮ್ಮಕ್ಕಳನ್ನು ಕರೆದುಕೊಂಡು ಸಂತೆಗೆ ಹೋದದ್ದೇ ನನ್ನನ್ನು ಗಂಡನ ಮುಂದಿಟ್ಟಳು.

"ಒಂದ ಮೋಟಾರ್ ಸುತ್ತಿದ್ರ ಎರಡ ಸಲ ಟೆಸ್ಟ್ ಮಾಡ್ದೆ ಗಿರಾಕಿಗೆ ಕೊಡಂಗಿಲ್ಲ ನೀವು. ಇದು ಸ್ಪೇರ್ ಅಲ್ರಿ. ಎರಡನೇ ಟೆಸ್ಟ್."

"ನನ್ನ ಮ್ಯಾಲ ಸಂಶೇನ?"

"ಸಂಶೆ ನಿಮ್ಮದು. ಇದರಾಗೂ ಒಂದ ಗೆರಿ ಬಂತಂದ್ರ ನಾ ಇವತ್ತ ತವರಿಗೆ ಹೋಗ್ತೀನಿ. ಹೊಳ್ಳಿ ಬರಂಗಿಲ್ಲ."

ಮನೆ ಖಾಲಿಯಿತ್ತು. ಬಾಗಿಲು ಬಡಿಯುವವರಿರಲಿಲ್ಲ. ಅವನಿಗೆ ನೆಪ ಸಿಗಲಿಲ್ಲ.

ನನ್ನ ಸರದಿ ಹೀಗೆ ಬಂತು. ಅಡುಗೆ ಕಟ್ಟೆಯ ಮೇಲೆ ಮಲಗಿಸಿದರು. ಹನಿ ಬಿತ್ತು. ತಣ್ಣಗೆ ಮೈಯೊಳಗೆ ಹರಿಯಿತು. ಮೊದಲ ಗೆರೆ ಮೂಡಿತು. ದಾಕ್ಷಾಯಣಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ತನ್ನ ಮೇಲೆ ತನಗೆ ಅನುಮಾನವಿರಲಿಲ್ಲ. ಅವಳಿಗೆ ನನ್ನ ಭಯ. ನಾನು ಹುಟ್ಟಿದಂದಿನಿಂದ ಕಾಯ್ದಿಟ್ಟುಕೊಂಡಿದ್ದ ಎರಡನೆಯ ಗೆರೆ ಆಗ ಮೆಲ್ಲಗೆ ಗುಲಾಬಿ ಬಣ್ಣದಲ್ಲಿ ಎದ್ದು, ನೋಡನೋಡುತ್ತಿದ್ದಂತೆ ಕೆಂಪಾಯಿತು.

ಅವಳ ಬಾಯಿಂದ ಸೆರಗು ಜಾರಿತು. ದೊಡ್ಡದಾಗಿ ಉಸಿರು ಬಿಟ್ಟು, ನಿಜವಾದ ಅಚ್ಚರಿಯಿಂದ ಕೇಳಿದಳು.

"ಮತ್ತ ಅವತ್ತ ಒಂದ ಹೆಂಗ ಬಂತ್ರಿ?"

ಗವಿಸಿದ್ದಪ್ಪ ಗೋಡೆಗೊರಗಿ ಕೂತಿದ್ದ. "ಸಬಕಾರದ ನೀರು" ಎಂದ.

"ಏನು?"

"ಅವ್ವ ಬಾಗಲಾ ಬಡ್ಯಾಕತ್ತಿದ್ಲು. ನನ್ನ ಕೈಲೆ ಆಗಲಿಲ್ಲ. ಹೆಂಗೂ ಆಪರೇಷನ್ ಆಗೇತಲ್ಲ ಅಂತ..."

ನಾನು ಅವಳ ಮುಖವನ್ನು ಕೆಳಗಿನಿಂದ ನೋಡುತ್ತಿದ್ದೆ. ಆ ಮುಖದಲ್ಲಿ ಸಿಟ್ಟು ಬರುವುದೆಂದು ಕಾದೆ. ಬರಲಿಲ್ಲ. ತನ್ನ ಅಡುಗೆಮನೆಯಲ್ಲಿ ಯಾರೋ ಗುರುತಿಲ್ಲದವನು ಬಂದು ಕೂತಿದ್ದಾನೆಂಬಂತೆ ಅವನನ್ನು ನೋಡಿದಳು.

"ಗೊತ್ತಿದ್ದೂ ಯಾರದು ಅಂತ ಕೇಳಿದ್ರಿ."

"ಸಿಟ್ಟಾಗಬ್ಯಾಡ. ನಮ್ಮದ ಅಂತ ಗೊತ್ತಾತಲ್ಲ ಈಗ! ಅವ್ವನೂ ಖುಷಿ ಅದಾಳ. ಇರ್ಲಿ ಬಿಡು. ಗಂಡಾದ್ರೂ ಆಗಬಹುದು."

"ಡಾಕ್ಟರಮ್ಮ ಹೇಳಿದ್ದು?"

"ಅವರು ಹಂಗ ಹೆದರಸ್ತಾರ. ದೇವರು ಅದಾನ."

ಈ ಮಾತಿಗೆ ಅವಳು ಬೆಚ್ಚಿದ್ದು ನನಗೆ ಕಂಡಿತು. "ಯಾರದು" ಎಂದು ಕೇಳಿದಾಗಲೂ ಹಾಗೆ ಬೆಚ್ಚಿರಲಿಲ್ಲ. ಅಷ್ಟರಲ್ಲಿ ಹೊರಗೆ ಹುಡುಗಿಯರ ದನಿ ಕೇಳಿಸಿತು. ಅವನು ದಡಬಡಿಸಿ ಎದ್ದ.

"ಅದನ್ನ ಒಗದ ಬಿಡು. ಅವ್ವಗ ಏನೂ ಹೇಳಬ್ಯಾಡ."

ಅವಳು ನನ್ನನ್ನು ಎಸೆಯಲಿಲ್ಲ. ಒರೆಸಿ, ಆಸ್ಪತ್ರೆಯ ಹಳೆಯ ಕಾಗದಗಳಿದ್ದ ಪ್ಲಾಸ್ಟಿಕ್ ಫೈಲಿನೊಳಗೆ ಇಟ್ಟಳು. ನನ್ನ ವೃದ್ಧಾಪ್ಯ ಇಲ್ಲೇ, ಎರಡು ಹೆರಿಗೆಗಳ ಕಾಗದಗಳ ನಡುವೆ. ಹೊಟ್ಟೆಯೊಳಗಿನ ಮದ್ದು ಮುಗಿದಿದೆ. ಇನ್ನು ಯಾರ ಬಗ್ಗೆಯೂ ಏನನ್ನೂ ಹೇಳಲಾರೆ. ಇಡೀ ಬದುಕಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟೆ, ಸರಿಯಾಗಿಯೇ ಕೊಟ್ಟೆ. ಅದರಿಂದ ಅವಳ ಮಾನ ಉಳಿಯಿತು ಎಂದು ಬೀಗಿದ್ದೆ. ಆದರೆ ಅವಳ ಮಾನವೆಂದೂ ಹೋಗಿರಲಿಲ್ಲ. ಹೋಗುವಂತಿದ್ದದ್ದು ಜೀವ. ಅದರ ಬಗ್ಗೆ ಹೇಳಲು ನನ್ನಲ್ಲಿ ಗೆರೆಗಳಿರಲಿಲ್ಲ.

ಸೋಮವಾರ ಗವಿಸಿದ್ದಪ್ಪ ಸಿಳ್ಳೆ ಹಾಕುತ್ತ ಅಂಗಡಿಗೆ ಹೋದ. ಮಕ್ಕಳು ಶಾಲೆಗೆ ಹೋದರು. ದಾಕ್ಷಾಯಣಿ ಒಳಕೋಣೆಯಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇನ್ನೊಂದು ಬಸಿರು ಜೀವಕ್ಕೆ ಅಪಾಯವೆಂದು ಡಾಕ್ಟರಮ್ಮ ಕೆಂಪು ಇಂಕಿನಲ್ಲಿ ಬರೆದಿದ್ದ ಸಾಲನ್ನು ಎರಡು ಸಲ ಓದಿದಳು. ಕಾಗದದ ಮೇಲಿದ್ದ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿದಳು. ತನ್ನ ಹೆಸರು ಹೇಳಲಿಲ್ಲ.

"ಆಪರೇಷನ್ ಫೇಲಾಗಿ ನಿಂತ ಬಸರು. ತೆಗಸಾಕ ಗಂಡನ ಸಹಿ ಬೇಕೇನ್ರಿ?"

"ಬ್ಯಾಡ್ರಿ. ನಿಮ್ಮ ಸಹಿ ಸಾಕು" ಎಂದಿತು ಆ ಕಡೆಯ ಹೆಣ್ಣುದನಿ. "ನಾಳೆ ಹತ್ತಕ್ಕ ಬರ್ರಿ."

"ದಾಕ್ಷಿ, ಯಾರ ಕೂಡ ಮಾತಾಡಾಕತ್ತಿ?" ಹಂಪವ್ವ ಕೂಗಿದಳು.

"ಯಾರಿಲ್ರಿ ಅತ್ತಿ."

ಅವಳು ಆಧಾರ್ ಕಾರ್ಡನ್ನು ನನ್ನ ಪಕ್ಕಕ್ಕೆ ಸೇರಿಸಿ, ಫೈಲಿನ ಗುಂಡಿ ಒತ್ತಿದಳು.